ಎರಿ ಹೊಲವನ್ನು ಸವಳು ಮಾಡಿಕೊಳ್ಳುವ ಕ್ರಮ: ಬಳಕೆದಾರರ ಕೈಪಿಡಿ

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ನೀರಾವರಿ ರೈತರಿಗೆ ಅಭಿನಂದನೆಗಳು. ನಿಮ್ಮ ಹೊಲಕ್ಕೆ ಕಾಲುವೆ ನೀರು ಬಂದಿದೆ, ಇಲ್ಲವೇ ಬರುವ ಹಾದಿಯಲ್ಲಿದೆ, ಇಲ್ಲವೇ ಬರುತ್ತದೆಂದು ಪ್ರತಿ ಚುನಾವಣೆಯಲ್ಲೂ ಹೇಳುತ್ತಿದ್ದಾರೆ. ಈ ಕೈಪಿಡಿ ಮೊದಲ ಎರಡು ವರ್ಗದವರಿಗಾಗಿ. ಮೂರನೆಯ ವರ್ಗದವರು ಮಡಿಚಿ ಜಂತಿಯ ಸಂದಿಯಲ್ಲಿ ಇಟ್ಟುಕೊಳ್ಳಬಹುದು. ಇದರಲ್ಲಿರುವ ಯಾವ ಮಾತೂ ಹಳಸುವಂಥದ್ದಲ್ಲ.

ಬಳಸುವ ಮೊದಲು ಪೂರ್ತಿ ಓದಿ. ಓದದೆಯೂ ಬಳಸಬಹುದು. ಇಲ್ಲಿಯವರೆಗೆ ಈ ಕೆಲಸದಲ್ಲಿ ಯಶಸ್ವಿಯಾದವರೆಲ್ಲ ಓದದೇ ಮಾಡಿದವರು.

ಉತ್ಪನ್ನದ ಪರಿಚಯ

ಉತ್ಪನ್ನ ಮೂರು ಮಾದರಿಗಳಲ್ಲಿ ಸಿಗುತ್ತದೆ.

ಮೊದಲನೆಯದು ಜವಳು. ಹೊಲದ ತಗ್ಗಿನಲ್ಲಿ ನೀರು ನಿಂತು, ಬೇರು ಉಸಿರು ಕಟ್ಟಿ, ಕಾಲಿಟ್ಟರೆ ಮೊಳಕಾಲವರೆಗೆ ಕೆಸರು. ಇದು ಆರಂಭಿಕ ಮಾದರಿ.

ಎರಡನೆಯದು ಸವಳು. ಬೇಸಿಗೆಯಲ್ಲಿ ಬೋದಿನ ನೆತ್ತಿಯ ಮೇಲೆ ಬೆಳ್ಳಗೆ ಪುಡಿ ಹೂತಿರುತ್ತದೆ. ಮಣ್ಣಿಗೆ ನೀರು ಹಾಕಿ ಕಲಸಿ, ಆ ಸಾರ ತೆಗೆದು ಅಳೆದಾಗ ವಿದ್ಯುತ್ ವಾಹಕತೆ, ಅಂದರೆ ಇ.ಸಿ., ಮೀಟರಿಗೆ 4 ಡೆಸಿಸೈಮನ್ ದಾಟಿದ್ದರೆ ನಿಮ್ಮ ಉತ್ಪನ್ನ ಪ್ರಮಾಣೀಕೃತ.

ಮೂರನೆಯದು ಕರಲು, ಉನ್ನತ ಮಾದರಿ. ಮಣ್ಣಿನ ಕಣಗಳು ಹಿಡಿದಿಟ್ಟುಕೊಂಡ ಲವಣಾಂಶದಲ್ಲಿ ಸೋಡಿಯಂ ಪಾಲು ನೂರಕ್ಕೆ 15 ದಾಟಬೇಕು, ರಸಸಾರ 8.5ರ ಮೇಲಿರಬೇಕು. ಆಗ ಮಣ್ಣಿನ ಹೆಂಟೆ ನೀರು ಸೋಕಿದೊಡನೆ ಕರಗಿ ರಾಡಿಯಾಗುತ್ತದೆ, ಒಣಗಿದರೆ ಗುದ್ದಲಿಗೂ ಬಗ್ಗುವುದಿಲ್ಲ. ಎರಿ ಹೊಲದವರಿಗೆ ಇಲ್ಲೊಂದು ವಿಶೇಷ ಸವಲತ್ತು ಇದೆ. ಜಿಗುಟು ಹೆಚ್ಚಿರುವುದರಿಂದ 15ರ ತನಕ ಕಾಯಬೇಕಿಲ್ಲ. ಅದಕ್ಕೂ ಬಹಳ ಮೊದಲೇ ನೀರು ಇಂಗುವುದು ನಿಂತು, ನೀವು ಫಲಾನುಭವಿಗಳ ಪಟ್ಟಿಗೆ ಸೇರುತ್ತೀರಿ.

ಪೆಟ್ಟಿಗೆಯಲ್ಲಿ ಏನೇನಿದೆ

ಪೆಟ್ಟಿಗೆ ಬಿಚ್ಚಿ, ಕೆಳಗಿನ ಸಾಮಾನು ಸರಿಯಾಗಿವೆಯೇ ನೋಡಿಕೊಳ್ಳಿ.

ಒಂದು, ಎರಿ ಮಣ್ಣು. ಕಪ್ಪು ಕಲ್ಲು ಸವೆದು ಆದದ್ದು. ಒಣಗಿದಾಗ ಎತ್ತಿನ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ನೆನೆದಾಗ ಹಿಗ್ಗಿ ಬಿರುಕು ಮುಚ್ಚಿಕೊಂಡು ಕೆಳಕ್ಕೆ ನೀರು ಬಿಡಲು ಒಲ್ಲೆನೆನ್ನುತ್ತದೆ. ಹಸಿ ಹಿಡಿದಿಡುವ ಇದೇ ಗುಣದಿಂದ ಹಿಂಗಾರಿಯಲ್ಲಿ ಮಳೆಯಿಲ್ಲದೆ ಬಿಳಿಜೋಳ ತೆನೆ ಕಟ್ಟುತ್ತದೆ. ಅದೇ ಗುಣ ನಮ್ಮ ಕೆಲಸಕ್ಕೂ ಬಂಡವಾಳ.

ಎರಡು, ಉಪ್ಪು. ಹೊರಗಿನಿಂದ ಕೊಳ್ಳುವ ಅಗತ್ಯವಿಲ್ಲ. ವರ್ಷಕ್ಕೆ ಹೆಚ್ಚುಕಡಿಮೆ 600 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಬಿಸಿಲು ಇಲ್ಲಿ ಹೀರಬಲ್ಲ ನೀರು ಅದರ ಎರಡು ಪಟ್ಟಿಗಿಂತ ಹೆಚ್ಚು. ಹೀಗಾಗಿ ಕಲ್ಲು ಕರಗಿ ಹುಟ್ಟಿದ ಲವಣ ಮಲೆನಾಡಿನ ಹಾಗೆ ತೊಳೆದು ಸಮುದ್ರ ಸೇರಿಲ್ಲ. ಆಳದಲ್ಲಿ ನಿದ್ದೆ ಮಾಡುತ್ತಿದೆ. ಎಬ್ಬಿಸುವುದಷ್ಟೇ ನಿಮ್ಮ ಕೆಲಸ.

ಮೂರು, ಬಿಸಿಲು. ಇದರ ದಾಸ್ತಾನಿಗೆ ವಿಜಯಪುರ ಜಿಲ್ಲೆಯಲ್ಲಿ ಎಂದೂ ಕೊರತೆ ಬಿದ್ದಿಲ್ಲ.

ನಾಲ್ಕು, ನೀರು. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ನಾರಾಯಣಪುರದ ಬಸವಸಾಗರ, ಅದರ ಎಡದಂಡೆ ಕಾಲುವೆ, ಇಂಡಿ ಶಾಖಾ ಕಾಲುವೆ, ಮುಳವಾಡ, ಚಿಮ್ಮಲಗಿ, ಗುತ್ತಿ ಬಸವಣ್ಣ ಏತ ನೀರಾವರಿಗಳು, ಹೀಗೆ ಅರ್ಧ ಶತಮಾನದುದ್ದಕ್ಕೂ ತುಂಡುತುಂಡಾಗಿ ಬಂದ ಸಾಮಾನು ಇದು. ನಿಮ್ಮ ಭಾಗದ ತುಂಡು ಇನ್ನೂ ಬಂದಿಲ್ಲದಿದ್ದರೆ ಮೇಲೆ ಹೇಳಿದ ಜಂತಿ ನೆನಪಿರಲಿ.

ಐದು, ನೀರು ಹೊರಹೋಗುವ ದಾರಿ. ಇದು ಪೆಟ್ಟಿಗೆಯಲ್ಲಿ ಇರುವುದಿಲ್ಲ. ಇಲ್ಲವೆಂದು ದೂರು ಕೊಡಬೇಡಿ. ಉತ್ಪನ್ನ ನಡೆಯುವುದೇ ಅದು ಇಲ್ಲದ್ದರಿಂದ.

ಹಂತ 1: ಬೆಳೆ ಬದಲಿಸಿ

ಕೃಷ್ಣಾ ಮೇಲ್ದಂಡೆ ಯೋಜನೆ ಹಾಕಿದವರು ಈ ನೀರನ್ನು ಹೆಚ್ಚು ಹೊಲಗಳಿಗೆ ತೆಳ್ಳಗೆ ಹಂಚಬೇಕೆಂದುಕೊಂಡಿದ್ದರು. ಜೋಳ, ಶೇಂಗಾ, ಹತ್ತಿ, ತೊಗರಿಯಂಥ ಅರೆ ನೀರಾವರಿ ಬೆಳೆ ಅವರ ಲೆಕ್ಕದಲ್ಲಿತ್ತು. ಭತ್ತ, ಕಬ್ಬು ಲೆಕ್ಕದ ಹೊರಗೆ. ಆ ಲೆಕ್ಕವನ್ನು ಕಚೇರಿಯ ಕಡತದಲ್ಲಿ ಗೌರವದಿಂದ ಇರಗೊಡಿ. ಹೊಲದಲ್ಲಿ ಕಬ್ಬು ನಾಟಿ ಮಾಡಿ.

ಆಯ್ಕೆಗೆ ಅನುಕೂಲವಾಗಲೆಂದು ಒಂದು ಪಟ್ಟಿ. ಮಣ್ಣಿನ ಇ.ಸಿ. ಎಷ್ಟಕ್ಕೆ ಏರಿದಾಗ ಇಳುವರಿ ಕುಸಿಯತೊಡಗುತ್ತದೆ ಎಂಬುದಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಂಕಿಗಳು ಇವು: ಹತ್ತಿ 7.7, ಜೋಳ 6.8, ಗೋಧಿ 6.0, ಭತ್ತ 3.0, ಕಬ್ಬು 1.7, ದ್ರಾಕ್ಷಿ 1.5, ಉಳ್ಳಾಗಡ್ಡಿ 1.2. ನಿಂಬೆಯ ಜಾತಿಯೂ ಈ ಕೊನೆಯವರ ಸಾಲಿನದೇ, ನಿಂಬೆ ಬೆಳೆಯುವ ಇಂಡಿಯವರು ಗಮನಿಸಬೇಕು. ಅಜ್ಜ ಬಿತ್ತಿದ ಬೆಳೆಗಳೆಲ್ಲ ಉಪ್ಪು ತಡೆಯುವ ಗಟ್ಟಿ ಪೈಕಿ, ಹೊಸದಾಗಿ ರೊಕ್ಕ ತರುವ ಬೆಳೆಗಳೆಲ್ಲ ಉಪ್ಪಿನ ವಾಸನೆಗೇ ಮೂರ್ಛೆ ಹೋಗುವ ನಾಜೂಕು ಪೈಕಿ ಎಂಬುದು ಪಟ್ಟಿಯಿಂದ ತಿಳಿಯುತ್ತದೆ. ಇದರಲ್ಲಿ ಲಾಭ ಎರಡು: ಕಬ್ಬಿಗೆ ಹೆಚ್ಚು ನೀರು ಬೇಕು, ಆ ನೀರು ಏರಿಸುವ ಉಪ್ಪಿಗೆ ಬೇಗ ಬಲಿಯಾಗುವುದೂ ಕಬ್ಬೇ. ಒಂದೇ ಬೆಳೆಯಲ್ಲಿ ಕಾರಣ, ಪರಿಣಾಮ ಎರಡನ್ನೂ ಪಡೆಯಬಹುದು.

ಹಂತ 2: ನೀರು ಬಿಟ್ಟು ಮನೆಗೆ ಹೋಗಿ

ಸರದಿ ಬಂದಾಗ ತೂಬು ಎತ್ತಿ, ಮಡಿಯ ಒಡ್ಡು ಕಡಿದು, ಮನೆಗೆ ಹೋಗಿ ಮಲಗಿ. ಬೆಳಗಾಗುವ ಹೊತ್ತಿಗೆ ಹೊಲ ತುಂಬಿ ಹಳ್ಳಕ್ಕೆ ಹರಿದಿರಬೇಕು. ವಾರಾಬಂದಿ, ಅಂದರೆ ಸರದಿಯಂತೆ ನೀರು ಹಂಚುವ ಪದ್ಧತಿ, ಇದೆಯೆಂದು ಯಾರಾದರೂ ನೆನಪಿಸಿದರೆ, ಮುಂದಿನ ಸರದಿ ಬರುತ್ತದೆಂದು ಬರೆದು ಕೊಡುವಿರಾ ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಕೊಟ್ಟವರು ಕಡಿಮೆ. ನೀರಿನ ಭರವಸೆ ಇಲ್ಲದವನು ಸಿಕ್ಕಾಗ ಎರಡು ಪಾಲು ಕುಡಿಸುತ್ತಾನೆ. ಕಾಲುವೆಯ ತುದಿಯಲ್ಲಿರುವವನ ಹೊಲ ಒಣಗುವುದೂ ತಲೆಯಲ್ಲಿರುವವನ ಹೊಲ ಜವಳಾಗುವುದೂ ಹೀಗೆ ಒಂದೇ ಕಾಲುವೆಯಲ್ಲಿ, ಒಂದೇ ವರ್ಷ ನಡೆಯುತ್ತದೆ.

ನೀರಿನ ಜೊತೆ ಏನು ಬರುತ್ತದೆ ಎಂಬುದರ ಲೆಕ್ಕ ಹಾಕೋಣ. ನದಿಯ ಸಿಹಿ ನೀರೂ ಪೂರ್ತಿ ಸಪ್ಪೆಯಲ್ಲ. ಲೀಟರಿಗೆ 300 ಮಿಲಿಗ್ರಾಂ ಲವಣ ಕರಗಿದೆ ಎಂದಿಟ್ಟುಕೊಳ್ಳಿ. ಕುಡಿದರೆ ನಾಲಿಗೆಗೆ ಗೊತ್ತಾಗದು. ಕಬ್ಬಿಗೆ ವರ್ಷದಲ್ಲಿ ಎಲ್ಲ ಸರದಿ ಕೂಡಿ ಎರಡು ಮೀಟರ್ ಆಳದಷ್ಟು ನೀರು ನಿಲ್ಲಿಸಿದಿರಿ ಎನ್ನಿ. ಎಕರೆಗೆ ಸುಮಾರು 81 ಲಕ್ಷ ಲೀಟರ್ ಆಯಿತು. ಅದರಲ್ಲಿ ಬಂದಿಳಿಯುವ ಲವಣ ಸುಮಾರು 24 ಕ್ವಿಂಟಲ್. ಒಂದಷ್ಟು ಸುಣ್ಣದ ಹರಳಾಗಿ ಮಣ್ಣಲ್ಲೇ ಕೂಡುತ್ತದೆ, ಬೆಳೆ ಹೀರಿಕೊಳ್ಳುವುದು ಅಲ್ಪಸ್ವಲ್ಪ, ಆವಿಯಾಗುವ ನೀರು ಮಾತ್ರ ಒಂದು ಕಣವನ್ನೂ ಒಯ್ಯುವುದಿಲ್ಲ. ಉಳಿದದ್ದು ನಿಮ್ಮದೇ. ಇಷ್ಟೊಂದು ಗೊಬ್ಬರವನ್ನು ಸರ್ಕಾರ ಪುಕ್ಕಟೆಯಾಗಿ ಬಾಗಿಲಿಗೆ ತಂದುಹಾಕಿದ್ದು ಎಂದಾದರೂ ಉಂಟೇ?

ಕಾಲುವೆಯ ಪಾಲನ್ನೂ ಮರೆಯಬಾರದು. ಎರಿ ನೆಲ ಹಿಗ್ಗಿ ಕುಗ್ಗಿ ಕಾಂಕ್ರೀಟ್ ಹೊದಿಕೆಯನ್ನು ಒಡೆಯುತ್ತದೆ. ಬಿರುಕಿನಿಂದ ನೀರು ಹಗಲಿರುಳು ಸೋರುತ್ತದೆ. ಕಾಲುವೆ ಪಕ್ಕದ ಹೊಲದವರು ಒಂದು ತೂಬನ್ನೂ ಎತ್ತದೆ ಉತ್ಪನ್ನ ಪಡೆದ ಉದಾಹರಣೆಗಳಿವೆ.

ಹಂತ 3: ಬಸಿಗಾಲುವೆ ಮುಚ್ಚಿ

ಇದು ಅತಿ ಮುಖ್ಯ ಹಂತ. ಉಳಿದ ನಾಲ್ಕರಲ್ಲಿ ಎಡವಿದರೂ ಇದೊಂದನ್ನು ಸರಿಯಾಗಿ ಮಾಡಿದರೆ ಸವಳು ಖಚಿತ.

ಹೊಲದ ತಗ್ಗಿನಲ್ಲಿ ಹಿರಿಯರ ಕಾಲದ ಒಂದು ಸಣ್ಣ ಕೊರಕಲು ಇದ್ದೀತು, ಮಳೆ ನೀರು ಹಳ್ಳ ಸೇರುವ ದಾರಿ. ಅದನ್ನು ಸಮ ಮಾಡಿ ಎರಡು ಸಾಲು ಹೆಚ್ಚು ಕಬ್ಬು ಹಾಕಿ. ಹಳ್ಳದ ದಂಡೆಯನ್ನು ಇತ್ತಿಂದ ನೀವು, ಅತ್ತಿಂದ ಎದುರು ದಂಡೆಯವರು ಒತ್ತುತ್ತ ಬನ್ನಿ. ಉಳಿದ ಜಾಗದಲ್ಲಿ ಆಪು ಬೆಳೆಯಲಿ. ಸಾರ್ವಜನಿಕ ಬಸಿಗಾಲುವೆ ತೋಡಲು ಜಾಗ ಕೇಳಿ ಬಂದರೆ, ಹಾಯಿಸುವ ಕಾಲುವೆಗೆ ಕೊಟ್ಟಾಗ ಎಷ್ಟು ಪರಿಹಾರ ಸಿಕ್ಕಿತ್ತು, ಯಾವಾಗ ಸಿಕ್ಕಿತ್ತು ಎಂದು ಶಾಂತವಾಗಿ ವಿಚಾರಿಸಿ.

ಈ ಹಂತದಲ್ಲಿ ಇಡೀ ನಾಡು ನಿಮ್ಮ ಬೆನ್ನಿಗಿದೆ. ಜಲಾಶಯ ತುಂಬಿದರೆ ಮುಖ್ಯಮಂತ್ರಿ ಬಂದು ಬಾಗಿನ ಬಿಡುತ್ತಾರೆ. ಕಾಲುವೆಗೆ ನೀರು ಬಿಟ್ಟರೆ ಶಾಸಕರು ಗುಂಡಿ ಒತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಬಸಿಗಾಲುವೆಗೆ ಕಾಯಿ ಒಡೆದವರನ್ನು ಯಾರಾದರೂ ನೋಡಿದ್ದೀರಾ? ಅದು ಕೆಟ್ಟ ನೀರು ಒಯ್ಯುವ ಕೆಲಸ. ಅದರ ಉದ್ಘಾಟನೆಗೆ ಶಾಮಿಯಾನ ಹಾಕುವುದಿಲ್ಲ. ನೀರು ತರುವುದು ಪುಣ್ಯ, ನೀರು ಕಳಿಸುವುದು ಗುತ್ತಿಗೆದಾರನ ತಾಪತ್ರಯ. ಅಂದಾಜು ಪಟ್ಟಿಯಲ್ಲಿ ಕೊನೆಗೆ ಬರೆಯುವ ಕೆಲಸ ರೊಕ್ಕ ಮುಗಿದಾಗ ಮೊದಲು ಬಿಟ್ಟುಹೋಗುತ್ತದೆ.

ಹಂತ 4: ಕಾಯಿರಿ

ಕೆಳಕ್ಕೂ ಹೋಗದ, ಪಕ್ಕಕ್ಕೂ ಹೋಗದ ನೀರು ಈಗ ಮೇಲಕ್ಕೆ ಬರುತ್ತದೆ. ಅಂತರ್ಜಲ ನೆಲದಿಂದ ಎರಡು ಮೀಟರಿನೊಳಗೆ ಏರಿತೆಂದರೆ ನಿಮ್ಮ ದುಡಿಮೆ ಮುಗಿಯಿತು. ಮುಂದಿನದು ಮಣ್ಣೇ ಮಾಡುತ್ತದೆ. ದೀಪದ ಬತ್ತಿ ಎಣ್ಣೆ ಎಳೆದಂತೆ ಜಿಗುಟು ಮಣ್ಣಿನ ಸಣ್ಣ ರಂಧ್ರಗಳು ಆಳದ ನೀರನ್ನು ಎಳೆಯುತ್ತವೆ. ಬಿಸಿಲು ಮೇಲೆ ನೀರನ್ನಷ್ಟೇ ಸುಡುತ್ತದೆ, ಉಪ್ಪು ನೆತ್ತಿಯಲ್ಲಿ ಕಟ್ಟುತ್ತದೆ. ಆಳದಲ್ಲಿ ಮಲಗಿದ್ದ ಉಪ್ಪೂ ಕಾಲುವೆ ಹೊತ್ತು ತಂದ ಉಪ್ಪೂ ಇಲ್ಲಿ ಭೇಟಿಯಾಗುತ್ತವೆ. ಬೇಸಿಗೆಯಲ್ಲಿ ಹೊಲ ಹರಗದೆ, ಮುಚ್ಚಿಗೆ ಹಾಕದೆ, ಬೋಳು ಬಿಟ್ಟರೆ ಕೆಲಸ ಚುರುಕಾಗುತ್ತದೆ.

ಹಂತ 5: ಲಕ್ಷಣಗಳನ್ನು ತಪ್ಪಾಗಿ ಓದಿ

ಬೀಜ ಅಲ್ಲಲ್ಲಿ ಹುಟ್ಟದೆ ಹೊಲ ತೇಪೆ ತೇಪೆಯಾಗಿ ಕಂಡರೆ ಬೀಜದಂಗಡಿಯವನ ಜೊತೆ ಜಗಳ ತೆಗೆಯಿರಿ. ಎಲೆಯ ತುದಿ ಸುಟ್ಟರೆ ಔಷಧ ಹೊಡೆಯಿರಿ. ಬೆಳೆ ಹಳದಿಯಾದರೆ ಯೂರಿಯಾ ಚೆಲ್ಲಿರಿ. ಯೂರಿಯಾ ಕೆಲಸ ಮಾಡದಿದ್ದರೆ ಇನ್ನೊಂದು ಚೀಲ.

ಹಸಿ ನೆಲದಲ್ಲೇ ಬೆಳೆ ಬಾಡಿದರೆ, ಗಮನಿಸಿ, ಇದು ಸುವರ್ಣ ಘಳಿಗೆ. ಮಣ್ಣಿನ ನೀರು ಉಪ್ಪಾದಷ್ಟೂ ಬೇರಿಗೆ ಅದನ್ನು ಎಳೆಯುವುದು ಕಷ್ಟ. ನೀರಲ್ಲಿ ನಿಂತೇ ಗಿಡ ಬಾಯಾರಿ ಸಾಯುತ್ತದೆ. ನೋಡುವವರ ಕಣ್ಣಿಗೆ ಅದು ನೀರಿಲ್ಲದ ಬೆಳೆ. ಆದ್ದರಿಂದ ಇನ್ನಷ್ಟು ನೀರು ಬಿಡಿ. ಅಂತರ್ಜಲ ಇನ್ನಷ್ಟು ಏರುತ್ತದೆ, ಉಪ್ಪು ಇನ್ನಷ್ಟು ಬರುತ್ತದೆ, ಬೆಳೆ ಇನ್ನಷ್ಟು ಬಾಡುತ್ತದೆ, ಹಂತ 2ಕ್ಕೆ ಹಿಂತಿರುಗಿ. ಯಂತ್ರ ತಾನಾಗಿ ತಿರುಗತೊಡಗಿತು.

ಉಪ್ಪಿನ ನೆಲದಲ್ಲಿ ಬಳ್ಳಾರಿ ಜಾಲಿ ಬೇರೂರಿದ ದಿನ ಅಳವಡಿಕೆ ಸಂಪೂರ್ಣವಾಯಿತೆಂದು ತಿಳಿಯಬೇಕು.

ಉತ್ಪನ್ನದ ಹಳೆಯ ಗ್ರಾಹಕರು

ಇದು ಹೊಸ ಪ್ರಯೋಗವಲ್ಲ, ಭಯ ಬೇಡ. ಟೈಗ್ರಿಸ್, ಯೂಫ್ರೆಟಿಸ್ ನಡುವಿನ ಸುಮೇರಿನವರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇದನ್ನು ಬಳಸಿದ್ದರು. ಅಲ್ಲಿ ಗೋಧಿ ಕಾಣೆಯಾಗಿ ಉಪ್ಪು ತಡೆಯುವ ಜವೆಗೋಧಿ ಉಳಿದದ್ದಕ್ಕೆ ನೆಲ ಸವಳಾದದ್ದೇ ಕಾರಣ ಎಂದು ಜೇಕಬ್‌ಸನ್ ಮತ್ತು ಆಡಮ್ಸ್ 1958ರಲ್ಲಿ ವಾದಿಸಿದರು.

ಅಷ್ಟು ದೂರ ಹೋಗಲು ಬಸ್ಸಿಲ್ಲದವರು ಭೀಮೆಯ ಮೇಲ್ಗಡೆಗೆ ಹೋಗಬಹುದು. ಇಂಡಿ, ಸಿಂದಗಿಯ ಬಡಗಣ ಸೀಮೆಯಲ್ಲಿ ಹರಿಯುವ ಭೀಮೆಗೆ ನರಸಿಂಹಪುರದ ಬಳಿ ನೀರಾ ನದಿ ಸೇರುತ್ತದೆ. ನೀರಾ ಎಡದಂಡೆ ಕಾಲುವೆಯನ್ನು 1880ರ ದಶಕದಲ್ಲಿ ಬರಗಾಲ ತಪ್ಪಿಸಲು ತೋಡಿದರು. ಬರ ತಪ್ಪಿತು, ಕಬ್ಬು ಬಂತು, ಕಬ್ಬಿನ ಹಿಂದೆಯೇ ಉಪ್ಪೂ ಬಂತು. 1910ರ ಹೊತ್ತಿಗೆ ಹೆರಾಲ್ಡ್ ಮ್ಯಾನ್ ಮತ್ತು ತಮ್ಹಾಣೆ ಎಂಬ ಇಬ್ಬರು ಆ ಕಣಿವೆಯ ಉಪ್ಪು ನೆಲಗಳ ಮೇಲೆ ಒಂದು ಪ್ರಬಂಧವನ್ನೇ ಬರೆಯಬೇಕಾಯಿತು. ಅದೇ ನದಿ ಬಳಗ, ಅದೇ ಕರಿ ಮಣ್ಣು, ಅದೇ ಬೆಳೆ. ಆಲಮಟ್ಟಿಯ ಅಡಿಗಲ್ಲಿಗೆ 54 ವರ್ಷ ಮೊದಲೇ ಉತ್ತರ ಅಚ್ಚಾಗಿತ್ತು. ನಾವು ಪ್ರಶ್ನೆಪತ್ರಿಕೆ ಬದಲಾದೀತೆಂದು ಕಾದೆವು.

ತುಂಗಭದ್ರೆಯದೂ ಯಶಸ್ವಿ ಶಾಖೆ. 1953ರಲ್ಲಿ ನೀರು ಹರಿಯಿತು; ಅರೆ ನೀರಾವರಿಗೆಂದು ಹಾಕಿದ ಯೋಜನೆಯಲ್ಲಿ ಭತ್ತ ಹಬ್ಬಿತು; ಇವತ್ತು ಗಂಗಾವತಿಯಲ್ಲಿ ಸವಳು ಮಣ್ಣಿಗೆಂದೇ ಸಂಶೋಧನೆ ನಡೆಯುತ್ತಿದೆ. ಬೆಳಗಾವಿ ಜಿಲ್ಲೆಯ ಕೃಷ್ಣಾ ತೀರದ ಕಬ್ಬಿನ ಹೊಲಗಳೂ, ಹೊಳೆ ದಾಟಿದರೆ ಸಾಂಗ್ಲಿ, ಕೊಲ್ಹಾಪುರದವೂ ಖಾಯಂ ಗ್ರಾಹಕರು.

ಎಚ್ಚರಿಕೆ: ಉತ್ಪನ್ನವನ್ನು ಕೆಡಿಸುವ ವಸ್ತುಗಳು

ಕೆಳಗಿನವುಗಳನ್ನು ಹೊಲದಿಂದ ದೂರವಿಡಿ.

ಎರಡು ಮೀಟರ್ ಪಿವಿಸಿ ಪೈಪು. ಕೆಳತುದಿಗೆ ತೂತು ಕೊರೆದು, ಬಟ್ಟೆ ಸುತ್ತಿ, ಹೊಲದ ತಗ್ಗಿನಲ್ಲಿ ಹುಗಿದು, ತಿಂಗಳಿಗೊಮ್ಮೆ ಹಗ್ಗ ಬಿಟ್ಟರೆ ಅಂತರ್ಜಲ ಎಷ್ಟು ಮೇಲೇರಿದೆ ಎಂದು ಗೊತ್ತಾಗಿಬಿಡುತ್ತದೆ. ಬೆಳೆ ಬಾಡುವ ಮೊದಲೇ ವಿಷಯ ತಿಳಿಯುವ ಅಪಾಯ ಇದರಲ್ಲಿದೆ.

ಮಣ್ಣು ಪರೀಕ್ಷೆ. ಸವಳಿನದೂ ಕರಲಿನದೂ ಮದ್ದು ಬೇರೆ. ಬರೀ ಸವಳಾದರೆ ಬಸಿಯುವ ದಾರಿ ಮಾಡಿ ಸಿಹಿ ನೀರಿನಿಂದ ಉಪ್ಪನ್ನು ತೊಳೆದರೆ ಸಾಕು. ಜಿಪ್ಸಮ್ ಹಾಕಿದರೆ ರೊಕ್ಕ ದಂಡ. ಕರಲಾದರೆ ಜಿಪ್ಸಮ್ ಬೇಕು. ಅದರ ಕ್ಯಾಲ್ಸಿಯಂ ಮಣ್ಣಿನ ಕಣದಿಂದ ಸೋಡಿಯಂ ಅನ್ನು ಬಿಡಿಸಿ ತಾನು ಕೂರುತ್ತದೆ. ಬಿಡಿಸಿದ ಸೋಡಿಯಂ ನೀರಿನ ಜೊತೆ ಹೊಲದಿಂದ ಹೊರಗೆ ಹೋಗಬೇಕು. ಹೊರದಾರಿ ಇಲ್ಲದ ಹೊಲಕ್ಕೆ ಸಬ್ಸಿಡಿ ಜಿಪ್ಸಮ್ ಚೆಲ್ಲಿ ಫಲ ಕಾಯುವವರು ನಮ್ಮ ಅಚ್ಚುಮೆಚ್ಚಿನ ಬಳಕೆದಾರರು.

ಡೈಂಚಾ, ಸೆಣಬು. ಹೂ ಬಿಡುವ ಮೊದಲೇ ಮಣ್ಣಿಗೆ ಮಗುಚಿದರೆ ನೆಲ ಸಡಿಲವಾಗಿ ನೀರು ಇಂಗತೊಡಗುತ್ತದೆ. ಡೈಂಚಾವಂತೂ ಉಪ್ಪಿಗೂ ಜಗ್ಗದು.

ಹನಿ ನೀರಾವರಿ. ಹುನಗುಂದ ತಾಲ್ಲೂಕಿನ ರಾಮಥಾಳ ಯೋಜನೆಯಲ್ಲಿ ಅಚ್ಚುಕಟ್ಟಿಗೆ ಹನಿ ಕೊಳವೆ ಹಾಕಿ, ಹಾಯಿಸುವ ನೀರು ಮೊದಲಿಂದಲೇ ಮಿತವಾಗಿರಲಿ ಎಂದು ನೋಡಿದ್ದಾರೆ. ಎದೆಗುಂದಬೇಡಿ: ಹನಿ ಬಿದ್ದ ಹಸಿಯ ಅಂಚಿನಲ್ಲಿ ಉಪ್ಪು ಬಳೆಯಂತೆ ಕಟ್ಟುತ್ತದೆ. ಒಳ್ಳೆಯ ಮಳೆ ಇಲ್ಲವೇ ಒಮ್ಮೆ ಜೋರಾಗಿ ಹಾಯಿಸಿದ ನೀರು ಅದನ್ನು ತೊಳೆಯದಿದ್ದರೆ ನಮಗಿನ್ನೂ ಅವಕಾಶವುಂಟು.

ಬಾವಿ. ನೀರು ಚೆನ್ನಾಗಿರುವ ಕಡೆ ಕಾಲುವೆ ನೀರಿನ ಜೊತೆ ಬಾವಿ ನೀರನ್ನೂ ಎತ್ತಿ ಬಳಸಿದರೆ ಅಂತರ್ಜಲ ಇಳಿಯುತ್ತದೆ. ಕಾಲುವೆ ಬಂತೆಂದು ಬಾವಿಗೆ ಕಸ ತುಂಬಿದವರಿಗೆ ಈ ಚಿಂತೆಯಿಲ್ಲ.

ನೆಲದಡಿಯ ಬಸಿ ಕೊಳವೆ. ಮೀಟರ್ ಆಸುಪಾಸಿನ ಆಳದಲ್ಲಿ, ಮೈಯೆಲ್ಲ ತೂತಿರುವ ಪ್ಲಾಸ್ಟಿಕ್ ಕೊಳವೆಗೆ ಸೋಸು ಬಟ್ಟೆ ಸುತ್ತಿ ಸಾಲಾಗಿ ಹೂತು, ಬಸಿದ ಉಪ್ಪು ನೀರನ್ನು ಹಳ್ಳಕ್ಕೆ ಬಿಡುವ ಪದ್ಧತಿ. ಕೃಷ್ಣಾ ಮೇಲ್ದಂಡೆಯ ಅಚ್ಚುಕಟ್ಟಿನಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಡಚ್ಚರ ನೆರವಿನೊಂದಿಗೆ ಇದರ ಪ್ರಯೋಗ ನಡೆಸಿದ್ದಾರೆ. ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದಲ್ಲಿ ಕಬ್ಬಿನ ರೈತರ ಹೊಲಗಳಲ್ಲೂ ಇದನ್ನು ಹಾಕಿದ್ದಾರೆ. ನಮ್ಮ ಉತ್ಪನ್ನಕ್ಕೆ ಇದಕ್ಕಿಂತ ದೊಡ್ಡ ವೈರಿ ಇಲ್ಲ. ಸಮಾಧಾನವೆಂದರೆ ಒಬ್ಬ ರೈತ ಒಬ್ಬನೇ ಇದನ್ನು ಹಾಕಲಾರ. ಕೊಳವೆಯ ಬಾಯಿ ಅವನ ಬದುವಿನಾಚೆ, ಇನ್ನೊಬ್ಬರ ಹೊಲ ದಾಟಿದ ಮೇಲೆ ಇರುತ್ತದೆ.

ಪದೇ ಪದೇ ಕೇಳುವ ಪ್ರಶ್ನೆಗಳು

ಡೋಣಿ ಹೊಳೆಯ ನೀರು ಮೊದಲಿಂದಲೂ ಉಪ್ಪು. ಹಾಗಿದ್ದೂ ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತಾರಲ್ಲ?

ಅನ್ನುತ್ತಾರೆ. ಡೋಣಿ ಸಾಲಿನ ಎರಿಯಲ್ಲಿ ಹಿಂಗಾರಿ ಜೋಳ ಬಿತ್ತಿದವರು ಮಳೆಯ ಹಸಿ ನಂಬಿದ್ದರು. ಅಂತರ್ಜಲವನ್ನು ಮೇಲಕ್ಕೆ ಕರೆಯಲಿಲ್ಲ, ಜೋಳವೂ ಉಪ್ಪು ತಡೆಯುವ ಜಾತಿ. ಉಪ್ಪು ಇದ್ದಲ್ಲೇ ಇತ್ತು, ಬೆಳೆ ತನ್ನ ಪಾಡಿಗಿತ್ತು. ಈ ಒಪ್ಪಂದವನ್ನು ಮುರಿಯುವ ವಿಧಾನವನ್ನೇ ಮೇಲೆ ಐದು ಹಂತಗಳಲ್ಲಿ ವಿವರಿಸಲಾಗಿದೆ.

ಹಾಗಾದರೆ ನೀರಾವರಿಯೇ ಬೇಡವೇ?

ಬರಗಾಲ ಕಂಡ ಜಿಲ್ಲೆಯಲ್ಲಿ ಇಂಥ ಪ್ರಶ್ನೆ ಕೇಳಿದವರಿಗೆ ಈ ಕೈಪಿಡಿ ಉತ್ತರಿಸುವುದಿಲ್ಲ. ಬಂದ ನೀರಿಗೆ ಹೋಗುವ ದಾರಿ ಇದ್ದರೆ ನೀರಾವರಿ ನೂರಾರು ವರ್ಷ ನಡೆಯುತ್ತದೆ. ನಮ್ಮ ಉತ್ಪನ್ನಕ್ಕೆ ಮಾರುಕಟ್ಟೆಯೇ ಇರುವುದಿಲ್ಲ.

ಬಸಿದ ಉಪ್ಪು ನೀರು ಎಲ್ಲಿಗೆ ಹೋಗುತ್ತದೆ?

ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕೆಳಗಿನವರ ಕಾಲುವೆಗೆ. ಆದ್ದರಿಂದ ಮೊದಲು ಕಡಿಮೆ ಹಾಯಿಸುವುದು, ಆಮೇಲೆ ಬಸಿಯುವುದು ಎಂಬ ಕ್ರಮವನ್ನು ತಜ್ಞರು ಹೇಳುತ್ತಾರೆ. ಮೊದಲನೆಯದಕ್ಕೆ ಖರ್ಚಿಲ್ಲದ ಕಾರಣ ಅದಕ್ಕೆ ಟೆಂಡರ್ ಕರೆಯುವುದಿಲ್ಲ.

ಖಾತರಿ ಮತ್ತು ಷರತ್ತು

ಐದೂ ಹಂತಗಳನ್ನು ಪಾಲಿಸಿದ ಹೊಲಕ್ಕೆ ಉತ್ಪನ್ನದ ಖಾತರಿ ಉಂಟು. ಹೊಲ ಮಾರಿದರೂ, ಮಕ್ಕಳಿಗೆ ಹಂಚಿದರೂ, ಪಹಣಿಯಲ್ಲಿ ನೀರಾವರಿ ಜಮೀನೆಂದೇ ಬರೆದಿದ್ದರೂ ಸವಳು ಮುಂದುವರಿಯುತ್ತದೆ.

ಖಾತರಿ ರದ್ದಾಗುವ ಸಂದರ್ಭ ಒಂದೇ. ಒಂದು ದಿನ ಕೆಳಗಿನ ಹೊಲದ ಕಾಕಾ ಬದುವಿನ ಮೇಲೆ ನಿಂತು, "ತಮ್ಮಾ, ನಿನ್ನ ಹೊಲದ ನೀರು ನನ್ನ ಹೊಲ ನುಂಗಾಕತ್ತದ. ಹಳ್ಳದತನಕ ಒಂದು ಬಸಿಗಾಲುವಿ ತಗಸೋಣು, ನನ್ನ ಬದುವಿನ ಗುಂಟ ಜಾಗಾ ನಾ ಬಿಡ್ತೀನಿ" ಅನ್ನಬಹುದು. ಆಗ ನೀವು ಮಾಡಬೇಕಾದದ್ದು ಇಷ್ಟೇ: ಸರ್ವೆ ನಂಬರಿನ ಹಳೆಯ ಜಗಳ ತೆಗೆಯುವುದು, ಇಲ್ಲವೇ ಇಲಾಖೆಯವರು ಮಾಡಲಿ ಎಂದು ಹೇಳಿ ತೂಬಿನ ಕಡೆ ನಡೆಯುವುದು. ಅದನ್ನು ಬಿಟ್ಟು "ಹೂಂ ಕಾಕಾ" ಎಂದು ಗುದ್ದಲಿ ತೆಗೆದುಕೊಂಡಿರೋ, ಮೇಲಿನ ಹೊಲದವರನ್ನೂ ಕೂಗಿ ಕರೆದಿರೋ, ನೀರು ಬಳಕೆದಾರರ ಸಂಘದ ಸಭೆಯಲ್ಲಿ ಹಾಯಿಸುವ ಸರದಿಯ ಜೊತೆಗೆ ಬಸಿಯುವ ದಾರಿಯನ್ನೂ ಬರೆಸಿದಿರೋ, ಹೊಲ ಸವಳಾಗದಿದ್ದರೆ ನಾವು ಹೊಣೆಯಲ್ಲ.